ಕೊಳೆತ ಪ್ಲೈವುಡ್ ಮೇಲೆ ಹೊಸ ಫ್ಲೋರ್ ಹೊಡೆಯಬೇಡಿ

ಕೆರೆಗೆ ನೀರು ಬಂತೆಂದರೆ ಫೈಬರ್ ದೋಣಿಯ ಫ್ಲೋರ್ ಬಗ್ಗೆ ಒಂದೇ ಪ್ರಶ್ನೆ ಹತ್ತು ಕಡೆಯಿಂದ ಬರುತ್ತದೆ. ಈ ಸಲ ಜಾಗವೆಲ್ಲ ಅದಕ್ಕೇ.

ಪ್ರಶ್ನೆ: ಮೀನು ಹಿಡಿಯಲು ಹದಿನಾಲ್ಕು ಅಡಿಯ ಫೈಬರ್ ದೋಣಿ ಇದೆ. ಕಾಲಿಟ್ಟಲ್ಲೆಲ್ಲ ಫ್ಲೋರ್ ಮೆತ್ತಗೆ ಕುಸಿಯುತ್ತದೆ. ಹಳೆಯದರ ಮೇಲೇ ಇನ್ನೊಂದು ಪ್ಲೈವುಡ್ ಹೊಡೆದು ಫೈಬರ್ ಎಳೆದರೆ ಸಾಕು ಅಂತಾರೆ ಬಡಗಿ. ಹಾಗೆ ಮಾಡಬಹುದೇ? – ಕುಣಿಗಲ್ ಓದುಗರು

ಉತ್ತರ: ಮಾಡಬೇಡಿ. ಫ್ಲೋರ್ ಇರುವುದು ನಿಲ್ಲುವುದಕ್ಕೆ ಮಾತ್ರವಲ್ಲ, ದೋಣಿಯ ಆಕಾರವನ್ನು ಬಿಗಿಹಿಡಿಯುವುದೂ ಅದೇ. ಒದ್ದೆ ಮರದ ಮೇಲೆ ಮುಚ್ಚಳ ಹಾಕಿದರೆ ಕೊಳೆತ ಒಳಗೇ ಬೆಳೆದು, ಫ್ಲೋರನ್ನು ಕೆಳಗಿನಿಂದ ಹೊರುವ ಮರದ ಉದ್ದಪಟ್ಟಿಗಳನ್ನೂ ತಿನ್ನುತ್ತದೆ. ಇನ್ನೊಂದು ಮಾತು: ಆ ನೀರು ಕೆರೆಯಿಂದ ಬಂದದ್ದಲ್ಲ. ಕೆರೆ ಬತ್ತಿದ ತಿಂಗಳುಗಳಲ್ಲಿ ಏರಿಯ ಮೇಲೆ ಬಾಯಿ ಮೇಲಾಗಿ ಬಿದ್ದಿದ್ದ ದೋಣಿಯಲ್ಲಿ ನಿಂತ ಮಳೆನೀರು ಅದು. ಸ್ಕ್ರೂ ತೂತಿನಿಂದ ಪ್ಲೈವುಡ್ಡಿಗೆ ಇಳಿದಿರುತ್ತದೆ.

ಕತ್ತರಿಸುವ ಮೊದಲು ದೋಣಿಯನ್ನು ಮೂರು ನಾಲ್ಕು ಕಡೆ ಮರಳು ಚೀಲದ ಮೇಲೆ ಸಮವಾಗಿ ಕೂರಿಸಿ, ಎರಡೂ ಅಂಚುಗಳ ನಡುವಿನ ಅಗಲ ಅಳೆದು ಬರೆದಿಡಿ. ಫ್ಲೋರ್ ತೆಗೆದ ಮೇಲೆ ಹೊರಮೈ ಸುಲಭವಾಗಿ ತಿರುಚಿಕೊಳ್ಳುತ್ತದೆ. ತಿರುಚಿದ ಮೇಲೆ ಹೊಸ ಫ್ಲೋರ್ ಕೂರಿಸಿದರೆ ಆ ಸೊಟ್ಟು ಕಾಯಂ. ಗರಗಸದ ಬ್ಲೇಡನ್ನು ಫ್ಲೋರಿನ ದಪ್ಪಕ್ಕಿಂತ ಒಂದೆರಡು ಮಿ.ಮೀ. ಮಾತ್ರ ಹೆಚ್ಚಿಡಿ. ಸುತ್ತ 5 ಸೆಂ.ಮೀ. ಅಂಚು ಬಿಟ್ಟು ಕತ್ತರಿಸಿ, ಆ ಅಂಚನ್ನು ಆಮೇಲೆ ಗ್ರೈಂಡರಿನಲ್ಲಿ ಉಜ್ಜಿ ತೆಗೆಯಿರಿ. ಉದ್ದಪಟ್ಟಿಗಳನ್ನು ಸ್ಕ್ರೂಡ್ರೈವರಿನಿಂದ ಚುಚ್ಚಿ ನೋಡಿ. ಮೊನೆ ಇಳಿದರೆ ಅವೂ ಹೋಗಬೇಕು. ದೋಣಿ ತೇಲಲೆಂದು ಫ್ಲೋರ್ ಅಡಿಗೆ ತುಂಬಿದ ಫೋಮ್ ನೀರು ಕುಡಿದಿದ್ದರೆ ಹಿಂಡಿದರೂ ಒಣಗುವುದಿಲ್ಲ, ಅದನ್ನೂ ಎಸೆಯಿರಿ.

ಒಣಗಿದ್ದು ಗೊತ್ತಾಗುವುದು ಹೇಗೆ? ದೋಣಿಯ ಒಳಮೈಗೆ ಒಂದು ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಕಡೆ ಟೇಪ್ ಹಚ್ಚಿ ರಾತ್ರಿಯಿಡೀ ಬಿಡಿ. ಬೆಳಿಗ್ಗೆ ಅಡಿಯಲ್ಲಿ ಹನಿ ಕಂಡರೆ ಇನ್ನೂ ಒದ್ದೆ. ನೆರಳಲ್ಲಿ ಗಾಳಿಗೆ ಬಿಟ್ಟು ಕಾಯಿರಿ. ಅವಸರ ಮಾಡಿದವರ ಫ್ಲೋರೇ ಮತ್ತೆ ಏಳುವುದು.

ಪ್ಲೈವುಡ್ 12 ಮಿ.ಮೀ., ಮೇಲೆ ಐಎಸ್ 710 (ಭಾರತೀಯ ಗುಣಮಟ್ಟದ ಸಂಖ್ಯೆ) ಎಂಬ ಮುದ್ರೆ ಇರುವ ಮೆರೈನ್ ಪ್ಲೈ. ಐಎಸ್ 303 ಅಡುಗೆಮನೆ ಕಪಾಟಿಗೆ ಸರಿ, ಇಲ್ಲಿಗಲ್ಲ. ರಟ್ಟಿನಲ್ಲಿ ಅಳತೆ ಕತ್ತರಿಸಿಕೊಂಡು, ಹೊರಮೈಗೂ ಪ್ಲೈವುಡ್ಡಿಗೂ ನಡುವೆ 5 ಮಿ.ಮೀ. ಸಂದು ಬಿಡಿ. ಒತ್ತಿ ತುರುಕಿದರೆ ಆ ಗೆರೆಯಲ್ಲೇ ಹೊರಮೈ ಬಿರಿಯುತ್ತದೆ.

ಹೆಚ್ಚಿನವರು ತಪ್ಪುವುದು ಇನ್ನು ಮುಂದೆ. ಕೂರಿಸುವ ಮೊದಲು, ನೆಲದ ಮೇಲಿಟ್ಟುಕೊಂಡೇ ಪ್ಲೈವುಡ್ಡಿನ ಅಡಿಗೂ ನಾಲ್ಕೂ ಅಂಚಿಗೂ ಹಾರ್ಡನರ್ (ಗಟ್ಟಿ ಮಾಡುವ ದ್ರವ) ಬೆರೆಸಿದ ರೆಸಿನ್ ಎಂಬ ದ್ರವ ಅಂಟನ್ನು ಕುಡಿಸಿ, ಅದು ಅಂಟಂಟಾಗಿರುವಾಗಲೇ ಅಡಿಗೆ ಚದರ ಮೀಟರಿಗೆ 450 ಗ್ರಾಂ ತೂಗುವ ಮ್ಯಾಟ್ (ಗಾಜಿನ ನಾರಿನ ಹಾಸು) ಒಂದು ಪದರ ಹಾಕಿ. ಕಾಣದ ಭಾಗವೆಂದು ಅಡಿಯನ್ನು ಬಿಡುವವರ ಕೆಲಸ ಅಲ್ಲಿಂದಲೇ ಕೊಳೆಯುತ್ತದೆ. ಉದ್ದಪಟ್ಟಿಗಳ ಮೇಲೆ ರೆಸಿನ್ ಪುಟ್ಟಿ ಹಾಸಿ ಕೂರಿಸಿ, 15–20 ಸೆಂ.ಮೀ.ಗೊಂದು ಸ್ಟೇನ್‌ಲೆಸ್ ಸ್ಕ್ರೂ. ಸುತ್ತಲಿನ ಮೂಲೆಗೆ ಪುಟ್ಟಿಯಿಂದ ದುಂಡು ಕೊಡಿ, ಯಾಕೆಂದರೆ ಮ್ಯಾಟ್ ಚೂಪು ಮೂಲೆಗೆ ಬಗ್ಗದೆ ಒಳಗೆ ಗಾಳಿ ಉಳಿಸುತ್ತದೆ. ಹೊರಮೈಯನ್ನು 40ನೇ ನಂಬರ್ ಕಾಗದದಲ್ಲಿ ಹೊಳಪು ಹೋಗುವಂತೆ ಉಜ್ಜಿ, 10 ಸೆಂ.ಮೀ., ಅದರ ಮೇಲೆ 15 ಸೆಂ.ಮೀ. ಅಗಲದ ಮ್ಯಾಟ್ ಪಟ್ಟಿಯನ್ನು ಆ ಮೂಲೆಗೆ ಹಚ್ಚಿ. ಆಮೇಲೆ ಇಡೀ ಫ್ಲೋರಿಗೆ ಎರಡು ಪದರ. ಪ್ರತಿ ಪದರಕ್ಕೂ ರೋಲರ್ ಆಡಿಸಿ ಗುಳ್ಳೆ ಓಡಿಸಬೇಕು.

ಮ್ಯಾಟಿನ ತೂಕದ ಎರಡೂಕಾಲು ಪಟ್ಟು ರೆಸಿನ್ ಬೇಕು. 8x4 ಅಡಿ ಹಾಳೆಯೆಂದರೆ 3 ಚದರ ಮೀಟರ್. ಮೂರು ಪದರ, ಪಟ್ಟಿ, ವ್ಯರ್ಥ ಎಲ್ಲ ಸೇರಿ 5 ಕಿಲೋ ಮ್ಯಾಟ್, 12 ಕಿಲೋ ಪಾಲಿಯೆಸ್ಟರ್ ರೆಸಿನ್ ತನ್ನಿ. ಒಮ್ಮೆಗೆ ಅರ್ಧ ಕಿಲೋ ಮಾತ್ರ ಕಲಸಿ. ಏಪ್ರಿಲ್ ಬಿಸಿಲಿಗೆ ಅರ್ಧ ಕಿಲೋಗೆ 5 ಗ್ರಾಂ ಹಾರ್ಡನರ್ ಸಾಕು, ಡಿಸೆಂಬರ್ ಚಳಿಗೆ 10 ಗ್ರಾಂ. ಅದಕ್ಕಿಂತ ಹೆಚ್ಚು ಸುರಿದರೆ ಬಕೆಟ್ಟಿನಲ್ಲೇ ಹೊಗೆ ಏಳುತ್ತದೆ, ಕಡಿಮೆಯಾದರೆ ಎಂದೂ ಗಟ್ಟಿಯಾಗುವುದಿಲ್ಲ. ರೆಸಿನ್ ಬೇಗ ಗಟ್ಟಿಯಾಗಲು ಹಾಕುವ ಕೋಬಾಲ್ಟ್ ದ್ರವವನ್ನು ಬೇರೆಯಾಗಿ ತಂದಿದ್ದರೆ ಮೊದಲು ಅದನ್ನು ರೆಸಿನ್ನಿಗೆ ಚೆನ್ನಾಗಿ ಬೆರೆಸಿ, ಆಮೇಲಷ್ಟೇ ಹಾರ್ಡನರ್. ಇವೆರಡನ್ನೂ ನೇರ ಬೆರೆಸಿದರೆ ಸಿಡಿದು ಬೆಂಕಿ ಹತ್ತುತ್ತದೆ. ಹಾರ್ಡನರಿನ ಒಂದು ಹನಿ ಕಣ್ಣಿಗೆ ಬಿದ್ದರೂ ದೃಷ್ಟಿ ಹೋಗಬಹುದು. ಕನ್ನಡಕವಿಲ್ಲದೆ ಡಬ್ಬಿ ತೆರೆಯಬೇಡಿ. ಈ ವಿಷಯದಲ್ಲಿ ನನಗೆ ಸ್ವಲ್ಪವೂ ಸಡಿಲವಿಲ್ಲ.

ಕೊನೆಯ ಕೋಟಿಗೆ ವ್ಯಾಕ್ಸ್ ಬೆರೆಸಿದ ರೆಸಿನ್, ಇಲ್ಲದಿದ್ದರೆ ಮೇಲ್ಮೈ ಅಂಟುತ್ತಲೇ ಇರುತ್ತದೆ. ಗಟ್ಟಿಯಾದ ಮೇಲೆ ಆ ವ್ಯಾಕ್ಸನ್ನು ಉಜ್ಜಿ ತೆಗೆದು ಎರಡು ಭಾಗ ಬೆರೆಸಿ ಹೊಡೆಯುವ ಪಿಯು (ಪಾಲಿಯುರೆಥೇನ್) ಪೇಂಟ್ ಹೊಡೆಯಿರಿ. ಮೊದಲ ಕೋಟ್ ಹಸಿಯಿರುವಾಗ ಒಣ ಸಿಲಿಕಾ ಮರಳು ಉದುರಿಸಿ, ಒಣಗಿದ ಮೇಲೆ ಸಡಿಲ ಮರಳನ್ನು ಗುಡಿಸಿ ಎರಡನೆಯ ಕೋಟ್. ಮೀನಿನ ಲೋಳೆಯ ಮೇಲೆ ಕಾಲು ಜಾರದು.

ಪ್ರಶ್ನೆ: ಬೆಂಗಳೂರಿನಿಂದ ನಮ್ಮ ಕೆರೆಗಳಿಗೆ ಬರುವ ಕೆ.ಸಿ. ವ್ಯಾಲಿಯ ಸಂಸ್ಕರಿಸಿದ ಕೊಳಚೆ ನೀರು ಫ್ಲೋರನ್ನು ತಿನ್ನುತ್ತದೆಯೇ? – ಕೋಲಾರ

ಉತ್ತರ: ಇಲ್ಲ. ಮರ ತಿನ್ನುವುದು ಶಿಲೀಂಧ್ರ. ಅದಕ್ಕೆ ಯಾವ ನೀರಾದರೂ ಒಂದೇ.

ಪ್ರಶ್ನೆ: ತೇಲಲಿ ಎಂದು ಫ್ಲೋರ್ ಅಡಿಗೆ ಥರ್ಮಾಕೋಲ್ ತುಂಬಬಹುದೇ? – ಚಿಕ್ಕಬಳ್ಳಾಪುರ

ಉತ್ತರ: ಪಾಲಿಯೆಸ್ಟರ್ ರೆಸಿನ್ ತಾಗಿದರೆ ಥರ್ಮಾಕೋಲ್ ಕರಗಿಹೋಗುತ್ತದೆ. ಮುಚ್ಚಿದ ಕಣದ ಪಿಯು ಫೋಮ್ ಹಾಕಿ, ನೀರು ಹರಿಯಲು ತಳದಲ್ಲಿ ದಾರಿ ಬಿಡಿ.

ಪ್ರಶ್ನೆ: ಬಿರುಕಿಗೆ ಡಾಂಬರು ಅಥವಾ ಸಿಮೆಂಟ್ ಹಾಕಿದರೆ ಸಾಕು ಎನ್ನುತ್ತಾರಲ್ಲ? – ಶಿರಾ

ಉತ್ತರ: ಹೇಳಿದವರಿಗೆ ಈ ಕೆಲಸ ಗೊತ್ತಿಲ್ಲ. ಡಾಂಬರು ಹತ್ತಿದ ಜಾಗಕ್ಕೆ ಆಮೇಲೆ ರೆಸಿನ್ ಹಿಡಿಯುವುದೇ ಇಲ್ಲ.

ಪ್ರಶ್ನೆ: ಫ್ಲೋರ್ ಮುಗಿದ ಎಷ್ಟು ದಿನಕ್ಕೆ ಕೆರೆಗೆ ಇಳಿಸಬಹುದು? – ಗೌರಿಬಿದನೂರು

ಉತ್ತರ: ಪೇಂಟ್ ಆಗಿ ಒಂದು ವಾರ ಬಿಡಿ. ಕೆರೆ ಬತ್ತಿದಾಗ ದೋಣಿಯನ್ನು ಬೋರಲು ಹಾಕಿ.