ಬೋರಿನ ನೀರಿನ ಮೇಲೆ ಬಣ್ಣದ ಪೊರೆ, ಕೆಳಗೆ ಪೆಟ್ರೋಲ್ ಇದೆಯಾ?

ಪ್ರಶ್ನೆ: ನಮ್ಮದು ಗಂಗಾವತಿ ತಾಲೂಕು, ಕಾಲುವೆ ನೀರು ಮುಟ್ಟದ ಹೊಲ. ಬೋರಿನ ನೀರು ತೊಟ್ಟಿಯಲ್ಲಿ ಎರಡು ದಿನ ನಿಂತರೆ ಮೇಲೆ ಕಾಮನಬಿಲ್ಲಿನ ಬಣ್ಣದ ಪೊರೆ ಕಟ್ಟುತ್ತದೆ. ಕೆಳಗೆ ಎಣ್ಣೆ ಇದೆ, ಸಾಲ ಮಾಡಿಯಾದರೂ ಇನ್ನೂ 300 ಅಡಿ ಕೊರೆಸೋಣ ಅಂತ ತಮ್ಮ ಹಟ ಹಿಡಿದಿದ್ದಾನೆ. ನಿಜ ಇರಬಹುದಾ?

ಉತ್ತರ: ದಯವಿಟ್ಟು ಸಾಲ ಮಾಡಬೇಡಿ. ಮೊದಲು ಒಂದು ಕಡ್ಡಿ ತಗೊಂಡು ಆ ಪೊರೆಯನ್ನು ಚುಚ್ಚಿ ನೋಡಿ. ಒಡೆದ ಗಾಜಿನ ಹಾಗೆ ಚೂರಾಗಿ, ಚೂರುಗಳು ಬೇರೆ ಬೇರೆಯಾಗಿಯೇ ನಿಂತರೆ ಅದು ನೀರಿನ ಕಬ್ಬಿಣದಂಶದ ಮೇಲೆ ಬದುಕುವ ಬ್ಯಾಕ್ಟೀರಿಯಾ ಕಟ್ಟಿದ ಪೊರೆ. ಎಣ್ಣೆಯಾದರೆ ಕಡ್ಡಿ ತೆಗೆದ ಕೂಡಲೇ ಮತ್ತೆ ಕೂಡಿಕೊಳ್ಳುತ್ತದೆ. ಹಾಗೆ ಕೂಡಿಕೊಂಡರೂ ಅದು ಮೋಟರಿನಿಂದ ಸೋರಿದ್ದಿರಬೇಕು, ನೆಲದ್ದಲ್ಲ.

ಯಾಕೆಂದರೆ ನಿಮ್ಮ ಕಾಲಡಿ ಇರುವುದು ಆನೆಗೊಂದಿ ಗುಡ್ಡಗಳಲ್ಲಿ ದಿನಾ ನೋಡುವ ಅದೇ ಗ್ರಾನೈಟ್. ಕರಗಿದ ಕಲ್ಲು ನೆಲದಾಳದಲ್ಲಿ ಆರಿ ಗಟ್ಟಿಯಾದದ್ದು, ವಯಸ್ಸು ಸುಮಾರು 250 ಕೋಟಿ ವರ್ಷ. ಎಣ್ಣೆ ಹುಟ್ಟುವುದು ಇಂಥ ಕಲ್ಲಿನಲ್ಲಲ್ಲ, ಹೆಚ್ಚಾಗಿ ಸಮುದ್ರದ ಕೆಸರಿನಲ್ಲಿ.

ಇಂಗ್ಲೆಂಡಿನ ಡಾರ್ಸೆಟ್ ಕರಾವಳಿಯಲ್ಲಿ ಕಿಮ್ಮರಿಜ್ ಅಂತ ಒಂದು ಸಣ್ಣ ಊರಿದೆ. ಅಲ್ಲಿನ ಕಪ್ಪು ಜೇಡಿಗಲ್ಲಿನ ಪದರಕ್ಕೆ ಕಿಮ್ಮರಿಜ್ ಕ್ಲೇ ಅಂತಲೇ ಹೆಸರು. ಸುಮಾರು 15 ಕೋಟಿ ವರ್ಷದ ಹಿಂದೆ ಅಲ್ಲಿ ಸಮುದ್ರವಿತ್ತು. ಕಣ್ಣಿಗೆ ಕಾಣದಷ್ಟು ಸಣ್ಣ ಪಾಚಿಗಳು ಸತ್ತು ತಳ ಸೇರಿದವು, ತಳದಲ್ಲಿ ಆಮ್ಲಜನಕ ತೀರಾ ಕಡಿಮೆ ಇದ್ದುದರಿಂದ ಪೂರ್ತಿ ಕೊಳೆಯದೆ ಕೆಸರಿನ ಜೊತೆಗೇ ಉಳಿದವು. ಹಿಂದೆ ಆ ಊರಿನವರು ಈ ಕಲ್ಲನ್ನೇ ಒಲೆಗೆ ಹಾಕುತ್ತಿದ್ದರು. ಉರಿಯುತ್ತಿತ್ತು, ಆದರೆ ಕೆಟ್ಟ ಗಂಧಕದ ವಾಸನೆ. ಅಲ್ಲಿ ಅದು ಎಣ್ಣೆಯಾಗುವಷ್ಟು ಬೆಂದಿಲ್ಲ, ಅಷ್ಟೇ. ಇದೇ ಪದರ ಬ್ರಿಟನ್ನಿನ ಪೂರ್ವಕ್ಕಿರುವ ಉತ್ತರ ಸಮುದ್ರದ ತಳದಲ್ಲಿ ಮೂರು ಕಿಲೋಮೀಟರಿಗಿಂತ ಆಳಕ್ಕೆ ಹೂತುಹೋಗಿ, 100 ಡಿಗ್ರಿ ಆಸುಪಾಸಿನ ಕಾವಿನಲ್ಲಿ ಲಕ್ಷಾಂತರ ವರ್ಷ ಬೆಂದು ಎಣ್ಣೆ ಬಿಟ್ಟಿತು. ಆ ಎಣ್ಣೆ ಹರಿದು ಮರಳುಗಲ್ಲಿನ ಸಂದುಗಳಲ್ಲಿ ಸೇರಿಕೊಂಡಿತು, ಮೇಲೆ ಬಿಗಿಯಾದ ಪದರ ಮುಚ್ಚಳದ ಹಾಗೆ ಕೂತಿತ್ತು. 1970ರಲ್ಲಿ ಫೋರ್ಟೀಸ್, 1971ರಲ್ಲಿ ಬ್ರೆಂಟ್ ನಿಕ್ಷೇಪ ಸಿಕ್ಕಿದ್ದು ಹೀಗೆ. ಪೇಪರಿನಲ್ಲಿ ಬ್ರೆಂಟ್ ಕಚ್ಚಾತೈಲದ ದರ ಅಂತ ಬರುತ್ತದಲ್ವಾ, ಆ ಹೆಸರು ಬಂದದ್ದು ಇಲ್ಲಿಂದಲೇ.

ಕೆಸರು, ಕಾವು, ಸಂದುಳ್ಳ ಕಲ್ಲು, ಮುಚ್ಚಳ. ಈ ನಾಲ್ಕರಲ್ಲಿ ಒಂದೂ ನಿಮ್ಮ ಹೊಲದ ಕೆಳಗಿಲ್ಲ. 300 ಅಡಿ ಅಲ್ಲ, 3000 ಅಡಿ ಹೋದರೂ ಅದೇ ಗ್ರಾನೈಟ್.

ಗ್ರಾನೈಟ್ ನೀರಿಗೆ ಬಿಡುವುದು ಎಣ್ಣೆಯನ್ನಲ್ಲ, ಜಾಸ್ತಿಯಾದರೆ ಹಲ್ಲು ಮೂಳೆ ಕೆಡಿಸುವ ಫ್ಲೋರೈಡನ್ನು, ಕೊಪ್ಪಳ ಜಿಲ್ಲೆಯಲ್ಲಿ ಅದರ ಕಾಟ ಮೊದಲೇ ಜಾಸ್ತಿ. ಆ ನೀರನ್ನು ಮನೆಯವರು ಕುಡಿಯುತ್ತಿದ್ದರೆ ಒಂದು ಬಾಟಲಿ ತುಂಬಿ ಈ ವಾರವೇ ಪರೀಕ್ಷೆಗೆ ಕೊಡಿ. ಲೀಟರಿಗೆ 1.5 ಮಿಲಿಗ್ರಾಂ ದಾಟಿದ್ದರೆ ಮಕ್ಕಳಿಗಂತೂ ಕೊಡಲೇಬೇಡಿ.