ಧರ್ಮಸ್ಥಳ ಪಾದಯಾತ್ರೆ: ದುಡ್ಡು, ಮೊಬೈಲ್ ಎಲ್ಲಿಡುವುದು?

ಮಂಗಳೂರಿನಿಂದ ಧರ್ಮಸ್ಥಳಕ್ಕೆ ನಡೆದು ಹೋಗುವಾಗ ದುಡ್ಡು, ಮೊಬೈಲ್ ಎಲ್ಲಿಡಬೇಕು ಅಂತ ಕೇಳಿದ್ದೀರಿ. ಸುಮಾರು 75 ಕಿ.ಮೀ. ದಾರಿ. ಬಿ.ಸಿ. ರೋಡ್, ಬೆಳ್ತಂಗಡಿ, ಉಜಿರೆ ದಾಟುತ್ತಾ ನಡೆಯುತ್ತಿರುವಾಗ ಅಷ್ಟು ಭಯವಿಲ್ಲ. ಎಚ್ಚರ ಬೇಕಾದ್ದು ಮಲಗಿದಾಗ, ಚಾರ್ಜಿಗಿಟ್ಟಾಗ, ಸ್ನಾನಕ್ಕಿಳಿದಾಗ.

ನೇತ್ರಾವತಿ ಸ್ನಾನಘಟ್ಟದ ಮೆಟ್ಟಿಲ ಮೇಲೆ ಪಂಚೆಯಲ್ಲಿ ಸುತ್ತಿಟ್ಟ ಗಂಟು ಕಂಡರೆ ಒಳಗೆ ಪರ್ಸ್ ಇದೆ ಅಂತ ಯಾರಿಗಾದರೂ ಗೊತ್ತಾಗುತ್ತದೆ. ಸರದಿಯಲ್ಲಿ ಇಳಿಯಿರಿ, ಒಬ್ಬರು ದಡದಲ್ಲೇ ನಿಲ್ಲಲಿ. ಒಬ್ಬರೇ ಹೋಗುವುದಾದರೆ ಕುತ್ತಿಗೆಗೆ ಹಾಕುವ ವಾಟರ್‌ಪ್ರೂಫ್ ಪೌಚ್ ತಗೊಳ್ಳಿ.

ಚಹಾ, ಎಳನೀರಿಗೆ 200-300 ರೂಪಾಯಿ ಮೇಲಿನ ಜೇಬಲ್ಲಿ ಸಾಕು. ಉಳಿದದ್ದು ಅಂಗಿಯೊಳಗಿನ ಸೊಂಟದ ಪೌಚಲ್ಲಿ, ಅದೂ ಜಿಪ್‌ಲಾಕ್ ಕವರಿನೊಳಗೆ. ನಮ್ಮೂರ ಸೆಕೆಗೆ ನೋಟು ಬೆವರಲ್ಲಿ ಮುದ್ದೆಯಾಗುತ್ತದೆ. ತಂಗುವಲ್ಲಿ ಗೋಡೆಯ ಪ್ಲಗ್‌ಗೆ ಮೊಬೈಲ್ ಸಿಕ್ಕಿಸಿ ನಿದ್ದೆ ಮಾಡಬೇಡಿ, 10,000 ಎಂಎಎಚ್ ಪವರ್ ಬ್ಯಾಂಕ್ ಒಯ್ಯಿರಿ. ಚಪ್ಪಲಿ ಹಳೆಯದೇ ಇರಲಿ, ಅದು ಕಳವಾಗುವುದಕ್ಕಿಂತ ಅದಲುಬದಲಾಗುವುದೇ ಜಾಸ್ತಿ!

ಹೊರಡುವ ಮುಂಚೆ *#06# ಒತ್ತಿ ಐಎಂಇಐ (ಪ್ರತಿ ಮೊಬೈಲಿಗೂ ಇರುವ ಗುರುತಿನ ಸಂಖ್ಯೆ) ನಂಬರ್ ಚೀಟಿಯಲ್ಲಿ ಬರೆದು ಮನೆಯಲ್ಲಿಡಿ. ಮೊಬೈಲ್ ಹೋದರೆ ಮೊದಲು ಸಿಮ್, ಯುಪಿಐ ಬ್ಲಾಕ್ ಮಾಡಿಸಿ, ಆಮೇಲೆ ಠಾಣೆಗೆ ಹೋಗಿ ದೂರು ಕೊಡಿ. ಕೇಂದ್ರ ಸರ್ಕಾರದ ಸಂಚಾರ್ ಸಾಥಿ ಜಾಲತಾಣದಲ್ಲಿ ಹ್ಯಾಂಡ್‌ಸೆಟ್ ಬ್ಲಾಕ್ ಮಾಡಲು ಆ ದೂರಿನ ಪ್ರತಿ ಬೇಕು.