ಓದುಗರ ಪ್ರಶ್ನೆ: ಬಿದ್ದೆದ್ದ ಮಾವನವರನ್ನು ತೋಟದ ಮನೆಯಿಂದ ಕಳುಹಿಸಿಬಿಡಬೇಕೆ?

ಪ್ರಶ್ನೆ: ನಮ್ಮದು ಪೆರ್ಲದ ಸಮೀಪದ ಅಡಿಕೆ ತೋಟದ ಮನೆ. ಮಾವನವರಿಗೆ 81 ವರ್ಷ. ಕಳೆದ ಮಳೆಗಾಲದ ಆಟಿ ತಿಂಗಳಲ್ಲಿ ಬೆಳಕು ಹರಿಯುವ ಮೊದಲೇ ಬಚ್ಚಲು ಕೊಟ್ಟಿಗೆಗೆ ಹೊರಟವರು ಅಂಗಳದಲ್ಲಿ ಜಾರಿ ಬಿದ್ದರು. ಎಲುಬು ಮುರಿಯಲಿಲ್ಲ, ಮಣಿಕಟ್ಟು ಉಳುಕಿತು. ಅಂದಿನಿಂದ ಬೆಂಗಳೂರಿನ ಮೈದುನ, ಅಪ್ಪನನ್ನು ತನ್ನ ಫ್ಲಾಟಿಗೆ ಕಳುಹಿಸಿ ಎಂದು ಒತ್ತಾಯಿಸುತ್ತಿದ್ದಾರೆ. ಮಾವನವರು ಊರು ಬಿಡಲು ಒಪ್ಪುವುದಿಲ್ಲ. ತೋಟಕ್ಕೆ ಇಳಿಯಬೇಡಿ ಎಂದರೆ ಊಟ ಬಿಟ್ಟು ಕುಳಿತುಕೊಳ್ಳುತ್ತಾರೆ. ಯಜಮಾನರು ಕೆಲಸಕ್ಕೆ ಹೋದರೆ ಬರುವುದು ಸಂಜೆಗೆ, ಹಗಲೆಲ್ಲ ನಾನೊಬ್ಬಳೇ. ಇನ್ನೊಮ್ಮೆ ಬಿದ್ದರೆ ಎಲ್ಲರೂ ನನ್ನನ್ನೇ ಕೇಳುತ್ತಾರೆ ಎಂಬ ಹೆದರಿಕೆ. ಏನು ಮಾಡಲಿ?
— ಹೆಸರು ಬೇಡ, ಕಾಸರಗೋಡು ಜಿಲ್ಲೆ

ಉತ್ತರ: ಸದ್ಯಕ್ಕೆ ಕಳುಹಿಸಬೇಡಿ ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ. ನಡೆದಾಡುವ ಮುದುಕರನ್ನು ಬೀಳಬಾರದೆಂಬ ಕಾಳಜಿಯಿಂದ ಕೂರಿಸಿಬಿಟ್ಟರೆ ಕೆಲವೇ ವಾರಗಳಲ್ಲಿ ತೊಡೆಯ ಸ್ನಾಯುಗಳು ಸೊರಗುತ್ತವೆ. ಆಮೇಲೆ ಅವರು ಎದ್ದು ನಿಲ್ಲುವಾಗಲೇ ತತ್ತರಿಸಿ, ನಾವು ಯಾವುದನ್ನು ತಪ್ಪಿಸಲು ಹೊರಟೆವೋ ಅದಕ್ಕೇ ಈಡಾಗುತ್ತಾರೆ. ಗುರುತಿನವರಿಲ್ಲದ ಊರಿನ ಫ್ಲಾಟಿನಲ್ಲಿ ಮಾವನವರಿಗೆ ಕೂರುವುದಲ್ಲದೆ ಬೇರೆ ಕೆಲಸವಿರದು, ಅಲ್ಲಿನ ಸ್ನಾನದ ಕೋಣೆಯ ನುಣುಪು ಟೈಲ್ಸ್ ನಿಮ್ಮ ಅಂಗಳಕ್ಕಿಂತ ಕಡಿಮೆ ಅಪಾಯದ್ದೇನೂ ಅಲ್ಲ.

ಆದರೆ ಬಿದ್ದದ್ದಕ್ಕೆ ಮಳೆಗಾಲದ ಅಂಗಳದ ಹಾವಸೆಯೊಂದೇ (ಪಾಚಿ) ಕಾರಣ ಎಂದು ಬಿಟ್ಟುಬಿಡಬೇಡಿ. 70 ದಾಟಿದವರಲ್ಲಿ ಪ್ರತಿವರ್ಷ ಶೇಕಡಾ 32ರಿಂದ 42ರಷ್ಟು ಮಂದಿ ಬೀಳುತ್ತಾರೆಂದು ವಿಶ್ವ ಆರೋಗ್ಯ ಸಂಸ್ಥೆಯ 2007ರ ವರದಿ ಹೇಳುತ್ತದೆ, ಮತ್ತು ಹೆಚ್ಚಿನವರ ವಿಷಯದಲ್ಲಿ ಕಾರಣಗಳು ಎರಡು ಮೂರು ಒಟ್ಟು ಸೇರಿರುತ್ತವೆ. ಮಾವನವರು ಬಿದ್ದದ್ದು ಹಾಸಿಗೆಯಿಂದ ಎದ್ದು ಹೊರಟಾಗ ಎಂಬುದನ್ನು ಗಮನಿಸಿ. ರಕ್ತದೊತ್ತಡದ ಮಾತ್ರೆ, ಪ್ರಾಸ್ಟೇಟ್ ತೊಂದರೆಗೆ ಕೊಡುವ ಕೆಲವು ಮಾತ್ರೆ, ನಿದ್ದೆಯ ಮಾತ್ರೆ ಇವುಗಳಿಂದ ಎದ್ದು ನಿಂತೊಡನೆ ಒತ್ತಡ ಇಳಿದು ತಲೆ ತಿರುಗುವುದುಂಟು. ಮಲಗಿದ್ದಾಗ ಒಮ್ಮೆ, ಎದ್ದು ನಿಂತ ಮೂರು ನಿಮಿಷದೊಳಗೆ ಮತ್ತೊಮ್ಮೆ ಒತ್ತಡ ನೋಡಿಸಿ. ಮೇಲಿನ ಅಂಕಿ 20ರಷ್ಟು ಇಳಿದರೆ ವೈದ್ಯರು ಮಾತ್ರೆಗಳನ್ನು ಮರುಪರಿಶೀಲಿಸಲೇಬೇಕು. ಮನೆಯಲ್ಲಿರುವ ಮಾತ್ರೆ, ಕಷಾಯ, ಅರಿಷ್ಟ ಎಲ್ಲವನ್ನೂ ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ ತೋರಿಸಿ, ನೀವಾಗಿ ಯಾವುದನ್ನೂ ನಿಲ್ಲಿಸಬೇಡಿ. ಕಣ್ಣಿನ ಪೊರೆಯನ್ನೂ ನೋಡಿಸಿ. ಇನ್ನೊಂದು ಪರೀಕ್ಷೆಯನ್ನು ನೀವೇ ಮಾಡಬಹುದು: ಕುರ್ಚಿಯಿಂದ ಎದ್ದು ಮೂರು ಮೀಟರ್ ನಡೆದು, ತಿರುಗಿ ಬಂದು ಕುಳಿತುಕೊಳ್ಳಲು ಅವರಿಗೆ 12 ಸೆಕೆಂಡು ಅಥವಾ ಅದಕ್ಕಿಂತ ಹೆಚ್ಚು ಬೇಕಾದರೆ ಮತ್ತೆ ಬೀಳುವ ಸಾಧ್ಯತೆ ಹೆಚ್ಚೆಂದು ತಿಳಿದು, ಕಾಲಿನ ಬಲಕ್ಕೆ ವ್ಯಾಯಾಮ ಹೇಳಿಕೊಡುವವರನ್ನು ಕಾಣಿ.

ಮನೆಯ ಮಟ್ಟಿಗೆ ಮೊದಲ ಖರ್ಚು ಅಂಗಳಕ್ಕಿರಲಿ. ಮಳೆಗಾಲದಲ್ಲಿ ಜಾರದಂತೆ ಮಡಲು (ತೆಂಗಿನ ಗರಿ) ಹಾಸುವ ಕ್ರಮ ನಿಮ್ಮಲ್ಲೂ ಇರಬಹುದು. ಅದು ಗಟ್ಟಿ ಕಾಲಿನವರಿಗೆ ಸಾಕು, ಕಾಲೆತ್ತಿ ಇಡಲಾಗದವರಿಗೆ ಅದೇ ತೊಡರು. ಜಗಲಿಯಿಂದ ಬಚ್ಚಲು ಕೊಟ್ಟಿಗೆಯವರೆಗೆ ಹಾವಸೆ ಕೆರೆದು, ಒರಟು ನೆಲ ಮಾಡಿಸಿ, ಸೊಂಟದೆತ್ತರಕ್ಕೆ ಒಂದು ಕಬ್ಬಿಣದ ಪೈಪು ನೆಡಿಸಿ. ಬಚ್ಚಲಿನೊಳಗೆ ಗೋಡೆಗೆ ಹಿಡಿಕೆ ಬೇಕು, ಬೈರಾಸು ಹಾಕುವ ಸರಳು ಮೈಭಾರ ತಾಳುವುದಿಲ್ಲ. ಹಾಸಿಗೆಯಲ್ಲಿದ್ದುಕೊಂಡೇ ಕೈಗೆ ಸಿಗುವಂತೆ ದೀಪದ ಸ್ವಿಚ್ಚು ಇರಲಿ. ರಾತ್ರಿಯ ಮೂತ್ರಕ್ಕೆ ಕೋಣೆಯಲ್ಲೇ ವ್ಯವಸ್ಥೆ ಮಾಡಿಕೊಡಿ; ಇದನ್ನು ಸೊಸೆ ಹೇಳಿದರೆ ಅವರಿಗೆ ಸಂಕೋಚವಾದೀತು, ಮಗನೇ ಹೇಳಲಿ. ಅಡಿ ಸವೆದ ಚಪ್ಪಲಿಯನ್ನು ಇವತ್ತೇ ಎಸೆಯಿರಿ.

ತೋಟದ ಮಾತಿಗೆ ಬಂದರೆ, ಅವರನ್ನು ತಡೆಯಬೇಡಿ, ಎಲ್ಲಿಯವರೆಗೆ ಹೋಗಬಹುದೆಂದು ಅವರೊಡನೆ ಕುಳಿತು ಗೊತ್ತುಮಾಡಿ. ತೋಡಿಗೆ ಹಾಕಿದ ಅಡಿಕೆ ಮರದ ಸಂಕ (ಕಾಲುಸೇತುವೆ) ದಾಟುವುದು ಬೇಡ, ಮಳೆ ಬೀಳುವಾಗ ಬೇಡ, ತುದಿಗೆ ರಬ್ಬರಿನ ಬುಷ್ ಇರುವ ಊರುಗೋಲು ಮತ್ತು ಕೊರಳಿಗೆ ಮೊಬೈಲು ಇಲ್ಲದೆ ಬೇಡ. ಇಷ್ಟಕ್ಕೆ ಅವರು ಒಪ್ಪಬೇಕಾದರೆ ತೋಟದ ಯಜಮಾನಿಕೆಯಲ್ಲಿ ನಿಜವಾದ ಒಂದು ಪಾಲು ಅವರಿಗೆ ಉಳಿಯಬೇಕು. ಅಡಿಕೆಯ ಕೊಳೆರೋಗಕ್ಕೆ ಮದ್ದು ಬಿಡುವ ದಿನಗಳಲ್ಲಿ ದ್ರಾವಣದ ಉಸ್ತುವಾರಿಯನ್ನು ಅವರಿಗೇ ವಹಿಸಿ. ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು ಎಂಬ ಲೆಕ್ಕ ಕೆಲಸದವರಿಗೂ ಗೊತ್ತಿದೆ. ಆದರೆ ಕಬ್ಬಿಣದ ಕತ್ತಿಯನ್ನು ಅದ್ದಿ ತೆಗೆದು, ಅಲಗಿಗೆ ತಾಮ್ರದ ಕೆಂಪು ಹತ್ತಿದೆಯೆಂದು ಕಂಡು, ಇನ್ನಷ್ಟು ಸುಣ್ಣ ಬೇಕೆಂದು ಹೇಳುವ ಅಧಿಕಾರ ಅವರದಾಗಿರಲಿ. ಅದಕ್ಕೆ ಅವರು ಅಂಗಳದಂಚಿನ ಕುರ್ಚಿ ಬಿಟ್ಟೇಳಬೇಕಾಗಿಲ್ಲ.

ಮತ್ತೆ ಬಿದ್ದರೆ ಗಾಬರಿಯಿಂದ ರಟ್ಟೆ ಹಿಡಿದು ಎಬ್ಬಿಸಬೇಡಿ. ಸೊಂಟದ ಕೆಳಗೆ ನೋವಿದ್ದು ಒಂದು ಕಾಲು ಗಿಡ್ಡವಾಗಿ ಹೊರಕ್ಕೆ ತಿರುಗಿದಂತೆ ಕಂಡರೆ ತೊಡೆಯೆಲುಬು ಮುರಿದಿರಬಹುದು. ತಲೆಗೆ ಪೆಟ್ಟಾಗಿ, ಅವರು ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರಾದರೆ, ನೋವಿಲ್ಲದಿದ್ದರೂ ಕೂಡಲೇ ಆಸ್ಪತ್ರೆಗೆ ಒಯ್ಯಿರಿ. ನಮ್ಮವರಿಗೆ ಆಸ್ಪತ್ರೆಯೆಂದರೆ ಮಂಗಳೂರು; ಆದರೆ 2020ರ ಮಾರ್ಚ್‌ನಲ್ಲಿ ಕೋವಿಡ್ ಕಾರಣಕ್ಕೆ ತಲಪಾಡಿಯ ಕೇರಳ-ಕರ್ನಾಟಕ ಗಡಿ ಮುಚ್ಚಿ ರೋಗಿಗಳು ಪಟ್ಟ ಪಾಡನ್ನು ಮರೆಯಬಾರದು. ಉಕ್ಕಿನಡ್ಕದ ಸರಕಾರಿ ಮೆಡಿಕಲ್ ಕಾಲೇಜಿನಲ್ಲೋ ಕಾಸರಗೋಡಿನಲ್ಲೋ ಒಮ್ಮೆ ತೋರಿಸಿ ಚೀಟಿ ಮಾಡಿಸಿಟ್ಟುಕೊಳ್ಳಿ. ಕೇರಳದಲ್ಲಿ 2008ರ ಪಾಲಿಯೇಟಿವ್ (ನೋವು ತಗ್ಗಿಸುವ ಆರೈಕೆಯ) ನೀತಿಯ ಅನ್ವಯ ಹಾಸಿಗೆ ಹಿಡಿದವರ ಮನೆಗೆ ಪಂಚಾಯತ್ ಮಟ್ಟದ ನರ್ಸ್ ಬರುವ ಏರ್ಪಾಡಿದೆ. ಮಾವನವರಿಗೆ ಇಂದು ಅದರ ಅಗತ್ಯವಿಲ್ಲ, ಆದರೂ ಆಶಾ ಕಾರ್ಯಕರ್ತೆಯ ಪರಿಚಯ ಈಗಲೇ ಇರಲಿ. ಬರುವವರಿಗೆ ಕನ್ನಡ ಬರದಿರಬಹುದು, ಆದ್ದರಿಂದ ಕಾಯಿಲೆ ಮತ್ತು ಮಾತ್ರೆಗಳ ವಿವರವನ್ನು ಮಲಯಾಳದಲ್ಲೂ ಬರೆಯಿಸಿಡಿ.

ಕೊನೆಯದಾಗಿ ನಿಮ್ಮ ಹೆದರಿಕೆ. ನೀವು ಎಷ್ಟು ಎಚ್ಚರವಾಗಿದ್ದರೂ ಮಾವನವರು ಬೀಳಬಹುದು, ಅದು ನಿಮ್ಮ ತಪ್ಪಾಗುವುದಿಲ್ಲ. ಈ ಮಾತನ್ನು ನಿಮ್ಮ ಯಜಮಾನರು ತಮ್ಮನ ಮುಂದೆ ಬಾಯಿ ಬಿಟ್ಟು ಹೇಳಬೇಕು. ಮೈದುನನ ಕಾಳಜಿ ನಿಜವಾದದ್ದೇ, ಅದನ್ನು ಹಗುರವಾಗಿ ಕಾಣಬೇಡಿ. ಪೈಪು, ನೆಲ, ಹಿಡಿಕೆಗಳ ಖರ್ಚು ಅವರು ವಹಿಸಲಿ, ಮಳೆಗಾಲದಲ್ಲಿ ಮದ್ದು ಬಿಡುವ ವಾರ ರಜೆ ಹಾಕಿ ಬರಲಿ. ಕೆಲಸದವರಿಗೆ ಅಡಿಗೆ ಮಾಡುತ್ತ ಮಾವನವರ ಮೇಲೂ ಕಣ್ಣಿಡಬೇಕಾಗುವ ಆ ವಾರವೇ ನಿಮಗೆ ಎಲ್ಲಕ್ಕಿಂತ ಕಷ್ಟದ್ದು.